ನ್ಯೂಹ್ಯಾಮ್‌ನಾಗ 16ನೇ ಮಹಡಿ ಫ್ಲ್ಯಾಟ್: ಗ್ಯಾಸ್ ಯಾಕಿಲ್ಲ?

ರೊಟ್ಟಿಪ್ರಿಯ:
ಲಂಡನ್ನಿನ ನ್ಯೂಹ್ಯಾಮ್ ಕಡೆ ಹಳೇ ಕೌನ್ಸಿಲ್ (ಅಲ್ಲಿನ ನಗರಸಭೆ) ಟವರ್‌ನಾಗ ಒಂದು ಫ್ಲ್ಯಾಟ್ ನೋಡೇವ್ರಿ. ರೇಟು ಅಗ್ಗ, ಗಾಳಿ ಬೆಳಕು ಚಲೋ ಐತಿ. ಆದ್ರ ಗ್ಯಾಸ್ ಲೈನೇ ಇಲ್ಲ, ಬರೀ ಕರೆಂಟ್ ಒಲಿ. ಅವ್ವ ಬಂದ್ರ ರೊಟ್ಟಿ ಹೆಂಗ ಸುಡಬೇಕು? ಏಜೆಂಟ್‌ನ ಕೇಳಿದ್ರ "60ರ ದಶಕದ ಬಿಲ್ಡಿಂಗು, ಹಂಗ ಇರತಾವು" ಅಂದ. ಹಾಕಿಸಾಕ ಬರೂದಿಲ್ಲೇನು?

ಕಂಬತೊಲೆ:
ಹಾಕಿಸೋ ಯೋಚನೆ ಬಿಡಿ. ಕಾರಣ ನಿಮ್ಮ ನ್ಯೂಹ್ಯಾಮ್‌ನಲ್ಲೇ ಇದೆ. ಕ್ಯಾನಿಂಗ್ ಟೌನ್‌ನ ರೋನನ್ ಪಾಯಿಂಟ್, 22 ಮಹಡಿ. ಜನ ವಾಸಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. 1968ರ ಮೇ 16ರ ಬೆಳಗಿನ ಜಾವ 18ನೇ ಮಹಡಿಯಲ್ಲಿ ಒಬ್ಬ ಹೆಂಗಸು ಟೀ ಕಾಯಿಸೋಕೆ ಕಡ್ಡಿ ಗೀರಿದರು, ಸೋರಿದ್ದ ಗ್ಯಾಸ್ ಸಿಡಿಯಿತು. ಭಾರೀ ಸ್ಫೋಟವೇನಲ್ಲ, ಆಕೆಯೇ ಬದುಕುಳಿದರು. ಆದರೆ ಹೊರಗೋಡೆ ಕಿತ್ತುಹೋಗಿ ಮೇಲಿನ ಮಹಡಿಗಳು ಬಿದ್ದವು, ಆ ಭಾರಕ್ಕೆ ಕೆಳಗಿನವೂ ಬಿದ್ದವು. ಕಟ್ಟಡದ ಒಂದು ಮೂಲೆ ಪೂರ್ತಿ ಹೋಯಿತು. ನಾಲ್ವರು ಸತ್ತರು.

ಅದಕ್ಕೆ ಕಂಬ, ತೊಲೆಯ ಚೌಕಟ್ಟೇ ಇರಲಿಲ್ಲ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಕ್ರೇನಿನಲ್ಲಿ ಎತ್ತಿ ಒಂದರ ಮೇಲೊಂದು ಕೂರಿಸಿದ್ದು. ಎರಡನೇ ಮಹಾಯುದ್ಧದ ಬಾಂಬಿಗೆ ಆ ಕಡೆಯ ಮನೆಗಳು ಸಾವಿರಗಟ್ಟಲೆ ನಾಶವಾಗಿದ್ದವು, ಕೌನ್ಸಿಲ್‌ಗೆ ಅವಸರ. ಮೇಲಾಗಿ 1956ರ ಕಾನೂನು ಕಟ್ಟಡ ಎತ್ತರವಾದಷ್ಟೂ ಸಬ್ಸಿಡಿ ಹೆಚ್ಚು ಕೊಡ್ತಿತ್ತು! ರಿಪೇರಿ ಮಾಡಿ ಮತ್ತೆ ಜನರನ್ನು ಇಟ್ಟರು ನೋಡಿ, ಅದು ನನಗೆ ಇವತ್ತಿಗೂ ಮೈ ಉರಿಸೋ ವಿಷಯ. 1986ರಲ್ಲಿ ಕೆಡವೋಕೆ ಬಿಚ್ಚಿದಾಗ ಸಂದುಗಳಲ್ಲಿ ಗಾರೆ ಇರಬೇಕಾದ ಕಡೆ ನ್ಯೂಸ್‌ಪೇಪರ್ ತುರುಕಿದ್ದು ಸಿಕ್ಕಿತು.

ಆ ದುರಂತದ ಮೇಲೆ ಇಂಥ ಎಷ್ಟೋ ಟವರ್‌ಗಳಿಂದ ಗ್ಯಾಸ್ ತೆಗೆಸಿದರು. ನಿಮ್ಮದೂ ಬಹುಶಃ ಅದೇ ಜಾತಿ.

ಈಸ್ಟ್‌ಹ್ಯಾಮ್ ಅಳಿಯ:
ಗ್ಯಾಸ್ ಆಮೇಲೆ, ಮೊದಲು ಸಾಲ ಸಿಗುತ್ತಾ ನೋಡಿ ಗುರು. ಇಂಥ ಎರಕದ ಗೋಡೆ ಜೋಡಿಸಿದ ಪ್ಯಾನಲ್ ಕಟ್ಟಡ ಅಂದ್ರೆ ಹಲವು ಬ್ಯಾಂಕ್‌ಗಳು ಹಿಂದೇಟು ಹಾಕ್ತವೆ. ಲೀಸ್‌ಹೋಲ್ಡ್ (ದೀರ್ಘ ಗುತ್ತಿಗೆ) ಆದ್ರೆ ಲಿಫ್ಟು, ಚಾವಣಿ ರಿಪೇರಿಯ ಪಾಲು ನಿಮ್ಮ ತಲೆ ಮೇಲೆ. ದೊಡ್ಡ ರಿಪೇರಿಗೆ ಮುಂಚೆ ಖರ್ಚಿನ ಬಗ್ಗೆ ಕಟ್ಟಡದ ಮಾಲೀಕರು ಕೊಡೋ ಸೆಕ್ಷನ್ 20 ನೋಟಿಸ್ ಬಂದಿದೆಯಾ ಕೇಳಿ.

ರೊಟ್ಟಿಪ್ರಿಯ:
ಎದಿ ಝಲ್ ಅಂತು. ಎಲ್ಲಾ ಟವರೂ ಹಿಂಗೇನ್ರಿ?

ಕಂಬತೊಲೆ:
ಛೇ, ಇಲ್ಲ. ಎಷ್ಟೋ ಕಟ್ಟಡಗಳು ಸ್ಥಳದಲ್ಲೇ ಎರಕ ಹೊಯ್ದ ಗಟ್ಟಿ ಚೌಕಟ್ಟಿನವು. ಪ್ಯಾನಲ್‌ನವುಗಳಲ್ಲೂ ಹಲವನ್ನು ಉಕ್ಕು ಜೋಡಿಸಿ ಆಮೇಲೆ ಬಿಗಿ ಮಾಡಿದ್ದಾರೆ. ಕಟ್ಟಡ ಪರೀಕ್ಷಿಸೋ ಸರ್ವೇಯರ್‌ಗೆ ನೇರವಾಗಿ ಕೇಳಿ: ಇದು ಲಾರ್ಜ್ ಪ್ಯಾನಲ್ ಸಿಸ್ಟಮ್ಮಾ, ಬಲಪಡಿಸಿದ್ದಕ್ಕೆ ದಾಖಲೆ ಇದೆಯಾ? ಅಮ್ಮನಿಗೋಸ್ಕರ ಪುಟ್ಟ ಸಿಲಿಂಡರ್ ತಂದಿಟ್ಕೊಳ್ಳೋ ಉಪಾಯ ಮಾತ್ರ ಬೇಡ, ಇಂಥ ಕಡೆ ಸಾಮಾನ್ಯವಾಗಿ ಅದಕ್ಕೂ ನಿಷೇಧ ಇರುತ್ತೆ.