ಸೆವೆನ್ಸ್ ಟೂರ್ನಮೆಂಟ್: ರೆಫ್ರಿ ಮೇಲೆ ಮುಗಿಬೀಳೋದು ನಿಲ್ಲಬೇಕು, ರೆಫ್ರಿ ತಪ್ಪಿಗೂ ಉತ್ತರ ಸಿಗಬೇಕು. ನಿಯಮ ಹೇಗೆ ಬರೆಯೋದು?

ಸಕಲೇಶಪುರದ ಗೋಲಿ

ಎಲ್ಲರಿಗೂ ನಮಸ್ಕಾರ. ಕಾಫಿ ಕುಯ್ಲು ಮುಗಿದ ಮೇಲೆ, ಹೂಮಳೆಗೆ ಮೊದಲು ಸಕಲೇಶಪುರ ಕಡೆ ಎರಡು ದಿನದ ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ಇದೆ. 16 ಟೀಮ್, ನಾಕೌಟ್, ಒಂದೇ ಗ್ರೌಂಡ್, ಒಟ್ಟು 15 ಮ್ಯಾಚ್. 25 ನಿಮಿಷದ ಎರಡು ಹಾಫ್, ಆಫ್‌ಸೈಡ್ ಇಲ್ಲ. ಹಾಸನ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರಿಂದ ಟೀಮ್ ಬರ್ತವೆ. ನಾಲ್ಕು ಜನ ರೆಫ್ರಿಗಳಿದ್ದಾರೆ.

ನಿಯಮದ ಹಾಳೆ ಬರೆಯೋ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೇ ಹಾಳೇಲಿ ಇರೋದು ಒಂದೇ ಸಾಲು: "ರೆಫ್ರಿ ತೀರ್ಮಾನವೇ ಅಂತಿಮ." ಇದರಿಂದ ಎರಡೂ ಕಡೆ ಸಮಾಧಾನ ಇಲ್ಲ. ಫೌಲ್ ಕೊಟ್ಟ ತಕ್ಷಣ ಐದಾರು ಜನ ರೆಫ್ರಿ ಮೈಮೇಲೆ ಹೋಗ್ತಾರೆ, ಹಿಂದೆಯೇ ಬೆಂಚಿನವರೂ ಒಳಗೆ ಬರ್ತಾರೆ. ಆ ಕಡೆ ಟೀಮಿನವರು ಕೇಳೋದು, "ರೆಫ್ರಿ ತಪ್ಪು ಮಾಡಿದ್ರೆ ಯಾರನ್ನ ಕೇಳೋಣ?" ಅದೂ ನ್ಯಾಯವಾದ ಮಾತೇ. ಪ್ರೊಟೆಸ್ಟ್‌ಗೆ ಅವಕಾಶ ಕೊಡಬೇಕಾ? ಮೊಬೈಲ್ ವಿಡಿಯೋ ನೋಡಬೇಕಾ? ಸಿನ್ ಬಿನ್ (ತಪ್ಪು ಮಾಡಿದವನನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸೋದು) ನಮ್ಮಂಥ ಆಟಕ್ಕೆ ಹೊಂದುತ್ತಾ? ಗೊತ್ತಿರೋರು ವಿವರವಾಗಿ ಹೇಳಿ.

ವಿಷಲ್ ಹಾಸನ

ಗೋಲಿಯವರೇ, ಮುಗಿಬೀಳುವುದಕ್ಕೆ ಮೊದಲ ಮದ್ದು "ಕ್ಯಾಪ್ಟನ್ ಮಾತ್ರ" ನಿಯಮ. 2024ರ ಯೂರೋ ಕಪ್‌ನಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಇದನ್ನು ಜಾರಿಗೆ ತಂದಿತು. ಅದೇ ವರ್ಷ ಜುಲೈಯಿಂದ ಯಾವ ಪಂದ್ಯಾವಳಿ ಬೇಕಾದರೂ ಬಳಸಿಕೊಳ್ಳಲಿ ಎಂದು ಆಟದ ಕಾನೂನು ಬರೆಯುವ ಐಎಫ್‌ಎಬಿ ಮಾರ್ಗಸೂಚಿ ಕೊಟ್ಟಿದೆ. ದೊಡ್ಡ ತೀರ್ಮಾನ ಬಂದಾಗ ಒಬ್ಬ ಕ್ಯಾಪ್ಟನ್ ಬಂದು ಮರ್ಯಾದೆಯಿಂದ ಕೇಳಬಹುದು, ರೆಫ್ರಿ ಚುಟುಕಾಗಿ ಕಾರಣ ಹೇಳಬೇಕು. ಮಿಕ್ಕವರು ಹತ್ತಿರ ಬಂದು ವಾದಿಸಿದರೆ ಎಲ್ಲೋ ಕಾರ್ಡ್. ಪರಿಸ್ಥಿತಿ ಬಿಗಡಾಯಿಸಿದರೆ ರೆಫ್ರಿ ಕೈಸನ್ನೆ ಮಾಡಿ ಕ್ಯಾಪ್ಟನ್ ಬಿಟ್ಟು ಎಲ್ಲರನ್ನೂ 4 ಮೀಟರ್ ದೂರ ನಿಲ್ಲಿಸಬಹುದು. ಕ್ಯಾಪ್ಟನ್ ಗೋಲಿಯೇ (ಗೋಲ್‌ಕೀಪರ್) ಆಗಿದ್ದರೆ ಗೋಲ್ ಬಿಟ್ಟು ಅಷ್ಟು ದೂರ ಓಡಿ ಬರಲಾಗುವುದಿಲ್ಲ. ಅವರ ಪರವಾಗಿ ಮಾತಾಡುವ ಇನ್ನೊಬ್ಬ ಆಟಗಾರನ ಹೆಸರನ್ನು ಟಾಸ್‌ಗೆ ಮೊದಲೇ ರೆಫ್ರಿಗೆ ಕೊಡಬೇಕು. ಇದನ್ನು ಮರೆತರೆ ಮೊದಲ ಮ್ಯಾಚಿನಲ್ಲೇ ತಕರಾರು ಗ್ಯಾರಂಟಿ.

ಒಂದು ಎಚ್ಚರಿಕೆ. "ಏನ್ ಸಾರ್, ಯಾವ ಕಡೆ ಥ್ರೋ?" ಅನ್ನುವುದು ವಾದವಲ್ಲ, ಅದಕ್ಕೆಲ್ಲ ಕಾರ್ಡ್ ತೆಗೆಯಬಾರದು. ಹಾಗೆ ಮಾಡುವ ರೆಫ್ರಿ ಮೊದಲ ಹತ್ತು ನಿಮಿಷದಲ್ಲೇ ಇಡೀ ಗ್ರೌಂಡನ್ನು ಎದುರು ಹಾಕಿಕೊಳ್ಳುತ್ತಾನೆ. ಕಾನೂನಿನಲ್ಲಿ ಗೆರೆ ಸ್ಪಷ್ಟವಾಗಿದೆ: ಮಾತಿನಿಂದಲೋ ನಡವಳಿಕೆಯಿಂದಲೋ ತೀರ್ಮಾನವನ್ನು ಪ್ರತಿಭಟಿಸಿದರೆ ಎಲ್ಲೋ, ಬೈಗುಳ ಅಥವಾ ಅವಮಾನದ ಸನ್ನೆಗೆ ನೇರ ರೆಡ್. ಮೈಮುಟ್ಟಿ ತಳ್ಳಿದರೆ ರೆಡ್ ಅಷ್ಟೇ ಸಾಲದು, ಟೂರ್ನಮೆಂಟಿನಿಂದಲೇ ಹೊರಗೆ ಎಂದು ಬರೆದುಬಿಡಿ. 1998ರಲ್ಲಿ ರೆಫ್ರಿಯನ್ನು ತಳ್ಳಿದ ಆಟಗಾರ ಪಾವೊಲೊ ಡಿ ಕಾನಿಯೊಗೆ ಇಂಗ್ಲೆಂಡಿನಲ್ಲಿ 11 ಪಂದ್ಯ ನಿಷೇಧ ಬಿತ್ತು, 2023ರಲ್ಲಿ ಅಲ್ಲೇ ರೆಫ್ರಿಯ ಮೈಮುಟ್ಟಿದ ಮಿಟ್ರೊವಿಚ್‌ಗೆ 8.

ಬೆಂಚಿಗೆ ಹಗ್ಗ ಕಟ್ಟಿ ಜಾಗ ಗುರುತು ಮಾಡಿ. ಆ ಜಾಗ ಗೆರೆಯಿಂದ 1 ಮೀಟರ್ ಹಿಂದೆಯೇ ಮುಗಿಯಬೇಕು. ಎದ್ದು ನಿಂತು ಹೇಳಿಕೊಡುವವರು ಒಂದು ಸಲಕ್ಕೆ ಒಬ್ಬರೇ. ಬೆಂಚಿನಿಂದ ಯಾರು ಕೂಗಿದರೆಂದು ಗೊತ್ತಾಗದಿದ್ದರೆ ಕಾರ್ಡ್ ಹಿರಿಯ ಕೋಚ್‌ಗೆ ಹೋಗುತ್ತದೆ. 2019ರಿಂದ ಇದು ಕಾನೂನಿನಲ್ಲೇ ಇದೆ. ಕ್ಯಾಪ್ಟನ್‌ಗಳ ಸಭೆಯಲ್ಲಿ ಇದೊಂದನ್ನು ಎರಡು ಸಲ ಓದಿ ಹೇಳಿ.

ರೆಫ್ರಿಗಳಿಗೂ ಎರಡು ಮಾತು. ವಿಷಲ್ ಊದಿದ ಮೇಲೆ ಫೌಲ್ ಆದ ಜಾಗದಲ್ಲೇ ನಿಲ್ಲಬೇಡಿ. ಕೈ ತೋರಿಸಿ, ಎಂಟು ಹತ್ತು ಹೆಜ್ಜೆ ಖಾಲಿ ಜಾಗಕ್ಕೆ ಸರಿಯಿರಿ. ಜನ ಸುತ್ತುವರಿಯುವುದು ನಿಂತವನನ್ನು. ಕಾರ್ಡ್ ಕೊಡುವಾಗ ಆಟಗಾರನನ್ನು ಪಕ್ಕಕ್ಕೆ ಕರೆದು, ಟೀಮ್, ನಂಬರ್, ನಿಮಿಷ ಈ ಮೂರನ್ನೂ ಮೊದಲು ಬರೆದು, ಆಮೇಲೆ ತೋರಿಸಿ. 2006ರ ವಿಶ್ವಕಪ್‌ನಲ್ಲಿ ರೆಫ್ರಿ ಗ್ರಹಾಂ ಪೋಲ್ ಕ್ರೊಯೇಷಿಯಾದ 3ನೇ ನಂಬರ್ ಶಿಮುನಿಚ್‌ಗೆ, ಎರಡಕ್ಕೇ ಹೊರಗೆ ಕಳಿಸುವ ಬದಲು, ಮೂರು ಎಲ್ಲೋ ತೋರಿಸಿದ್ದು ಈ ಬರವಣಿಗೆ ತಪ್ಪಿಯೇ. ಒಂದು ಕಾರ್ಡನ್ನು ಆಸ್ಟ್ರೇಲಿಯಾದ 3ನೇ ನಂಬರ್ ಹೆಸರಿಗೆ ಬರೆದುಕೊಂಡಿದ್ದರು. ನಂಬರ್ ಒಂದೇ, ಟೀಮ್ ಬೇರೆ. ಸೆವೆನ್ಸ್‌ನಲ್ಲಿ ಎರಡೂ ಟೀಮಿನ ನಂಬರ್ 1ರಿಂದ 12ರೊಳಗೇ ಇರುತ್ತವೆ, ಇದೇ ತಪ್ಪಿಗೆ ದಾರಿ ಇನ್ನೂ ಸಲೀಸು. ಬುಕ್ಕಿನಲ್ಲಿ ಎಡಕ್ಕೊಂದು ಟೀಮ್, ಬಲಕ್ಕೊಂದು ಟೀಮ್ ಎಂದು ಗೆರೆ ಎಳೆದುಕೊಳ್ಳಿ.

ಕಾಯಿದೆ ಪುಸ್ತಕ

ಪ್ರೊಟೆಸ್ಟ್ ಬಗ್ಗೆ. ರೆಫ್ರಿಯ ತಪ್ಪಿನಲ್ಲಿ ಎರಡು ಬಗೆ ಇವೆ. ಇವನ್ನು ಬೇರೆ ಮಾಡದೆ ನಿಯಮ ಬರೆದರೆ ಕಮಿಟಿ ರಾತ್ರಿಯಿಡೀ ಕೂರಬೇಕಾಗುತ್ತದೆ.

ಒಂದು, ಕಂಡದ್ದರಲ್ಲಿ ತಪ್ಪು. ಫೌಲ್ ಆಯಿತೋ ಇಲ್ಲವೋ, ಕೈಗೆ ತಾಗಿತೋ ಇಲ್ಲವೋ, ಚೆಂಡು ಗೆರೆ ದಾಟಿತೋ ಇಲ್ಲವೋ. ಇದಕ್ಕೆ ಪ್ರೊಟೆಸ್ಟ್ ಇಲ್ಲ. ಎರಡು, ಕಾನೂನು ಅನ್ವಯಿಸಿದ್ದರಲ್ಲಿ ತಪ್ಪು. ಏನು ನಡೆಯಿತು ಎನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ, ಆದರೆ ಅದಕ್ಕೆ ಪುಸ್ತಕ ಹೇಳಿದ್ದನ್ನು ಬಿಟ್ಟು ಬೇರೆ ಕೊಟ್ಟರು. ಇದಕ್ಕೆ ಮಾತ್ರ ಬಾಗಿಲು ತೆರೆದಿಡಿ.

ಎರಡನೆಯದಕ್ಕೆ ಒಳ್ಳೆಯ ಉದಾಹರಣೆ 2005ರ ಉಜ್ಬೇಕಿಸ್ತಾನ–ಬಹರೈನ್ ವಿಶ್ವಕಪ್ ಅರ್ಹತಾ ಪಂದ್ಯ. ಉಜ್ಬೇಕಿಸ್ತಾನ ಪೆನಾಲ್ಟಿಯಲ್ಲಿ ಗೋಲು ಹೊಡೆಯಿತು, ಆದರೆ ಒದೆಯುವ ಮೊದಲೇ ಅವರದೇ ಆಟಗಾರ ಬಾಕ್ಸಿನೊಳಗೆ ನುಗ್ಗಿದ್ದ. ಗೋಲು ಆಗಿದ್ದರಿಂದ ಪೆನಾಲ್ಟಿ ಮತ್ತೆ ಹೊಡೆಸಬೇಕಿತ್ತು. ರೆಫ್ರಿ ಬಹರೈನ್‌ಗೆ ಇಂಡೈರೆಕ್ಟ್ ಫ್ರೀ ಕಿಕ್ ಕೊಟ್ಟರು. ಫಿಫಾ 1-0 ಫಲಿತಾಂಶವನ್ನೇ ರದ್ದು ಮಾಡಿ ಪೂರ್ತಿ ಪಂದ್ಯ ಮತ್ತೆ ಆಡಿಸಿತು. ಮರುಪಂದ್ಯ 1-1, ಮುಂದಿನ ಪಂದ್ಯ 0-0, ಎದುರಾಳಿ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹರೈನ್ ಮುಂದೆ ಹೋಯಿತು. ಗೆದ್ದಿದ್ದ ಉಜ್ಬೇಕಿಸ್ತಾನವೇ ದೂರು ಕೊಟ್ಟು ಕಳೆದುಕೊಂಡಿತು.

ಹತ್ತು ವರ್ಷದ ಮೇಲೆ, 2015ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್–ನಾರ್ವೆ 19 ವರ್ಷದೊಳಗಿನ ಹುಡುಗಿಯರ ಪಂದ್ಯದಲ್ಲಿ ಅಚ್ಚು ಇದೇ ತಪ್ಪು. ಈ ಸಲ ಯುಇಎಫ್‌ಎ ಇಡೀ ಪಂದ್ಯ ಆಡಿಸಲಿಲ್ಲ. ಐದು ದಿನ ಬಿಟ್ಟು ಆ ಪೆನಾಲ್ಟಿಯಿಂದ ಶುರುಮಾಡಿ ಉಳಿದ 18 ಸೆಕೆಂಡ್ ಮಾತ್ರ ಆಡಿಸಿತು. ಇಂಗ್ಲೆಂಡಿನ ಲಿಯಾ ವಿಲಿಯಮ್ಸನ್ ಗೋಲು ಹೊಡೆದು 2-2 ಮಾಡಿದರು. ನಿಮಗೆ ಹೊಂದುವುದು ಈ ದಾರಿ. ಟೀಮ್‌ಗಳು ಅಲ್ಲೇ ಇರುತ್ತವೆ, ತಪ್ಪಾದ ಕ್ಷಣದಿಂದ ಅದೇ ದಿನ ಮುಂದುವರಿಸಬಹುದು. "ಸ್ಕೋರ್, ಉಳಿದ ನಿಮಿಷ, ಗ್ರೌಂಡಿನಲ್ಲಿದ್ದ ಆಟಗಾರರು ಅಂದಿನಂತೆಯೇ" ಎಂದು ಸೇರಿಸಿ. ಅಂದಹಾಗೆ ಬಾಕ್ಸಿಗೆ ನುಗ್ಗುವ ನಿಯಮ 2024ರಲ್ಲಿ ಸಡಿಲವಾಗಿದೆ, ನುಗ್ಗಿದ್ದರಿಂದ ಆಟದ ಮೇಲೆ ಪರಿಣಾಮ ಆಗಿದ್ದರೆ ಮಾತ್ರ ಶಿಕ್ಷೆ. ನಾಲ್ಕೂ ರೆಫ್ರಿಗಳು ಹೊಸ ಪಾಠವನ್ನೇ ಓದಿರಬೇಕು.

ಮೊದಲ ಬಗೆಗೆ ಬಾಗಿಲು ಯಾಕೆ ಮುಚ್ಚಿರಬೇಕು? 2013ರಲ್ಲಿ ಜರ್ಮನಿಯ ಹಾಫೆನ್‌ಹೈಮ್–ಲೆವರ್ಕೂಸನ್ ಪಂದ್ಯದಲ್ಲಿ ಕೀಸ್ಲಿಂಗ್ ಹೆಡ್ ಮಾಡಿದ ಚೆಂಡು ಪಕ್ಕದ ನೆಟ್‌ನ ತೂತಿನಿಂದ ಒಳಗೆ ಹೋಯಿತು. ಗೋಲು ಅಂದರು. ಟಿವಿಯಲ್ಲಿ ಲೋಕವೆಲ್ಲ ತೂತು ನೋಡಿದರೂ, ರೆಫ್ರಿ ಕಂಡ ಸಂಗತಿಯೇ ಅಂತಿಮ ಎಂದು ಅಲ್ಲಿನ ಕ್ರೀಡಾ ನ್ಯಾಯಮಂಡಳಿ ಮರುಪಂದ್ಯ ನಿರಾಕರಿಸಿತು. ಅನ್ಯಾಯ ಅನಿಸುತ್ತದೆ, ನಿಜ. ಆದರೆ ವಿಡಿಯೋಗೆ ಒಪ್ಪಿದ ಮರುಕ್ಷಣ ಪ್ರತಿ ಥ್ರೋಗೂ ಒಂದು ಮೊಬೈಲ್ ಬರುತ್ತದೆ, ಅದೂ ತಮಗೆ ಬೇಕಾದ ಕೋನದಿಂದ. ವಿಡಿಯೋವನ್ನು ಒಂದೇ ಒಂದಕ್ಕೆ ಬಳಸಿ: ಕಾರ್ಡ್ ಬೇರೆಯವನಿಗೆ ಬಿದ್ದಿದ್ದರೆ. ಫಿಫಾದ ಶಿಸ್ತು ಸಂಹಿತೆಯೂ ಆಳು ತಪ್ಪಿದಂಥ ಕಣ್ಣಿಗೆ ಕಟ್ಟುವ ತಪ್ಪಿನಲ್ಲಿ ಶಿಕ್ಷೆಯನ್ನು ಮಾತ್ರ ಮರುಪರಿಶೀಲಿಸಲು ಬಿಡುತ್ತದೆ, ಫಲಿತಾಂಶವನ್ನಲ್ಲ.

ಆ ನೆಟ್ ಪ್ರಸಂಗದಿಂದ ಕಲಿಯಬೇಕಾದ್ದು ಬೆಳಗಿನ ಕೆಲಸ. ಪ್ರತಿ ಮ್ಯಾಚಿಗೆ ಮೊದಲು ನೆಟ್ಟನ್ನು ನಾಲ್ಕೂ ಮೂಲೆಯಲ್ಲಿ ಎಳೆದು ನೋಡಿ, ಕೆಳಗೆ ಗೂಟ ಹೊಡೆದು ಬಿಗಿಯಿರಿ, ತೂತಿದ್ದರೆ ಹುರಿಯಿಂದ ಹೆಣೆಯಿರಿ. ಗೋಲಿನ ಗೆರೆ ಕಂಬದಷ್ಟೇ ದಪ್ಪ ಇರಬೇಕು, 12 ಸೆಂ.ಮೀ. ಮೀರಬಾರದು. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ರಂಗೋಲಿ ಪುಡಿ ಹಾಕಿ. ಹೂಮಳೆ ಮುಂಚೆ ಬಂದರೆ ಗೆರೆ ತೊಳೆದುಹೋಗುತ್ತದೆ, ಹಾಫ್ ಟೈಮ್‌ನಲ್ಲಿ ಮತ್ತೆ ಎಳೆಯಲು ಒಬ್ಬರನ್ನು ನೇಮಿಸಿ. ಗೆರೆ ಕಾಣದ ಗ್ರೌಂಡಿನಲ್ಲಿ ರೆಫ್ರಿಯನ್ನು ಬೈದು ಫಲವಿಲ್ಲ.

ಪ್ರೊಟೆಸ್ಟ್ ಅರ್ಜಿ: ಮ್ಯಾಚ್ ಮುಗಿದ 15 ನಿಮಿಷದೊಳಗೆ, ಕ್ಯಾಪ್ಟನ್ ಸಹಿಯೊಂದಿಗೆ, ಒಂದೇ ಘಟನೆಗೆ. 1,000 ರೂ. ಠೇವಣಿ, ಒಪ್ಪಿದರೆ ವಾಪಸ್. ಕಮಿಟಿ ಮೂವರದು, ಆ ಎರಡು ಟೀಮಿನ ಊರಿನವರು ಇರಬಾರದು.

ಮೂಡಿಗೆರೆ ಲೆಫ್ಟ್‌ಬ್ಯಾಕ್

ಇಬ್ಬರೂ ಹೇಳಿದ್ದು ಸರಿ ಕಣ್ರೀ, ಆದ್ರೆ ಇಷ್ಟರಲ್ಲಿ ಆಟಗಾರನಿಗೆ ಕಾರ್ಡು, ನಿಷೇಧ, ಠೇವಣಿ ಎಲ್ಲಾ ಬಂತು. ರೆಫ್ರಿ ಪಾಲಿಗೆ ಏನು ಬಂತು? "ಕಂಡದ್ದೇ ಅಂತಿಮ" ಅನ್ನೋದು ಫಲಿತಾಂಶಕ್ಕೆ ಸರಿ. ಆದ್ರೆ ತಪ್ಪು ಯಾಕಾಯ್ತು ಅಂತ ಹೇಳೋ ಹೊಣೆ ಅದರಿಂದ ತಪ್ಪಿಹೋಗಬಾರದು.

2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಂ–ಲಿವರ್‌ಪೂಲ್. ಲುಯಿಸ್ ಡಿಯಾಜ್ ಗೋಲನ್ನ ಮೈದಾನದಲ್ಲಿ ಆಫ್‌ಸೈಡ್ ಅಂದ್ರು. ವಿಎಆರ್‌ನಲ್ಲಿ (ವಿಡಿಯೋ ನೋಡಿ ರೆಫ್ರಿಗೆ ನೆರವಾಗೋ ಕೋಣೆ) ಕೂತವರು ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂದ್ಕೊಂಡ್ರು. ಚಿತ್ರ ನೋಡಿ ಆನ್‌ಸೈಡ್ ಅಂತ ಖಾತ್ರಿ ಮಾಡ್ಕೊಂಡು "ಚೆಕ್ ಕಂಪ್ಲೀಟ್" ಅಂದ್ರು. ರೆಫ್ರಿಗೆ ಅದು "ಆಫ್‌ಸೈಡೇ ಸರಿ" ಅಂತ ಕೇಳಿಸ್ತು. ಆಟ ಶುರುವಾಯ್ತು. ತಪ್ಪು ಗೊತ್ತಾಗೋಕೆ ಕೆಲವೇ ಸೆಕೆಂಡ್, ಆದ್ರೆ ಆಟ ಮತ್ತೆ ಶುರುವಾದ ಮೇಲೆ ಹಿಂದಕ್ಕೆ ಹೋಗೋಕೆ ಕಾನೂನು ಬಿಡಲ್ಲ. ಅಲ್ಲಿನ ರೆಫ್ರಿ ಸಂಸ್ಥೆ ಅವತ್ತೇ ತಪ್ಪು ಒಪ್ಕೊಂಡು, ಮೂರೇ ದಿನದಲ್ಲಿ ಒಳಗಿನ ಮಾತುಕತೆಯ ಧ್ವನಿಮುದ್ರಿಕೆ ಬಿಟ್ಟಿತು. ಕೇಳಿದ ಯಾರಿಗಾದ್ರೂ ಇದು ಮೋಸ ಅಲ್ಲ, ಅವಸರದ ಮಾತು ಅಂತ ಗೊತ್ತಾಗತ್ತೆ. ಹೊಣೆಗಾರಿಕೆ ಅಂದ್ರೆ ಇಷ್ಟಾದ್ರೂ ಇರಬೇಕು. ನಿಮ್ಮ ಲೈನ್ಸ್‌ಮನ್‌ಗಳಿಗೂ ಹೇಳಿ: "ಸರಿ", "ಓಕೆ" ಅನ್ನೋ ಮಾತೇ ಬೇಡ, "ಗೋಲ್ ಇಲ್ಲ, ಗೋಲ್ ಕಿಕ್" ಅಂತ ತೀರ್ಮಾನವನ್ನೇ ಬಾಯಿಬಿಟ್ಟು ಹೇಳ್ಲಿ. ಅನುಮಾನ ಇದ್ರೆ ಆಟ ಶುರುಮಾಡೋ ಮೊದಲು ಹತ್ತು ಸೆಕೆಂಡ್ ಮಾತಾಡ್ಲಿ, ತೀರ್ಮಾನ ಬದಲಾಯಿಸೋಕೆ ಇರೋ ಅವಕಾಶ ಅದೊಂದೇ.

ನಮ್ಮ ರಾಜ್ಯದಲ್ಲೇ ನಡೆದಿದ್ದು ನೋಡಿ. 2023ರ ಮಾರ್ಚ್ 3, ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ–ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಛೆಟ್ರಿ ಕ್ವಿಕ್ ಫ್ರೀ ಕಿಕ್ ಹೊಡೆದ್ರು, ಕೇರಳದ ಗೋಲಿ ಇನ್ನೂ ಗೋಡೆ (ಅಡ್ಡ ನಿಲ್ಲೋ ಆಟಗಾರರ ಸಾಲು) ನಿಲ್ಲಿಸ್ತಿದ್ರು. ಗೋಲು ಕೊಟ್ಟಿದ್ದಕ್ಕೆ ಕೇರಳ ಟೀಮ್ ಗ್ರೌಂಡ್ ಬಿಟ್ಟೇ ಹೋಯ್ತು. ಭಾರತದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್ ಆ ಕ್ಲಬ್‌ಗೆ 4 ಕೋಟಿ ರೂ. ದಂಡ, ಕೋಚ್‌ಗೆ 10 ಪಂದ್ಯ ನಿಷೇಧ ಹಾಕ್ತು. ಫ್ರೀ ಕಿಕ್ಕಿಗೆ ವಿಷಲ್ ಕಾಯಲೇಬೇಕು ಅಂತ ಕಾನೂನಿಲ್ಲ. ರೆಫ್ರಿ ಗೋಡೆ ಅಳೆಯೋಕೆ ಹೊರಟ್ರೆ, ಅಥವಾ ಕಾಯಿ ಅಂದಿದ್ರೆ ಮಾತ್ರ ಕಾಯಬೇಕು. ಹಾಗಾಗಿ ರೆಫ್ರಿ ಕಾಯಿಸೋ ಹಾಗಿದ್ರೆ ವಿಷಲ್ ಎತ್ತಿ ತೋರಿಸಿ, ಬೆರಳಿಟ್ಟು "ವಿಷಲ್ ಮೇಲೆ" ಅಂತ ಎರಡೂ ಟೀಮಿಗೆ ಕೇಳೋ ಹಾಗೆ ಹೇಳ್ಬೇಕು. ಈ ಒಂದು ಸನ್ನೆ ಇದ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ.

ನಿಯಮದ ಹಾಳೇಲಿ ಇದನ್ನೂ ಹಾಕಿ: ಪ್ರತಿ ಮ್ಯಾಚ್ ಆದ್ಮೇಲೆ ರೆಫ್ರಿ ಒಂದು ಪುಟದ ವರದಿ ಬರೀಬೇಕು, ಕಾರ್ಡು, ಕಾರಣ, ತನಗೇ ಅನುಮಾನ ಇರೋ ತೀರ್ಮಾನ. ಎರಡೂ ಕ್ಯಾಪ್ಟನ್‌ಗಳು ಬೇರೆ ಚೀಟೀಲಿ ನಿಲುವು, ಓಟ, ಮಾತಿನ ಸ್ಪಷ್ಟತೆಗೆ 10ಕ್ಕೆ ಅಂಕ ಕೊಡ್ಲಿ. ಸೋತವರು ಕಡಿಮೆ ಹಾಕ್ತಾರೆ, ಅದಕ್ಕೇ ಒಂದು ಮ್ಯಾಚಿನ ಅಂಕ ನೋಡಬೇಡಿ, ಮೊದಲ ದಿನದ್ದೆಲ್ಲ ಸೇರಿಸಿ ನೋಡಿ. ಸೆಮಿಫೈನಲ್, ಫೈನಲ್ ಯಾರಿಗೆ ಅನ್ನೋದು ಅದರ ಮೇಲೆ ತೀರ್ಮಾನ ಆಗ್ಲಿ. ರೆಫ್ರಿ ಭತ್ಯೆ ಮಾತ್ರ ಕಡಿತ ಮಾಡಬೇಡಿ. ಹಣದ ಭಯಕ್ಕೆ ಬಿದ್ದ ರೆಫ್ರಿ ಜೋರಾಗಿ ಕೂಗೋ ಟೀಮಿನ ಕಡೆಗೇ ವಾಲ್ತಾನೆ. ಮತ್ತೆ, ಆ ಊರಿನ ಮ್ಯಾಚಿಗೆ ಆ ಊರಿನ ರೆಫ್ರಿ ಬೇಡ.

ಸಕಲೇಶಪುರದ ಗೋಲಿ

ಮೂವರಿಗೂ ತುಂಬಾ ಧನ್ಯವಾದ. ಅಂಕದ ಚೀಟಿ, ಉಳಿದ ನಿಮಿಷ ಆಡಿಸೋದು, ಎರಡೂ ಹಾಕ್ತೀನಿ. ಸಿನ್ ಬಿನ್ ಲೆಕ್ಕ ಮಾತ್ರ ಬಾಕಿ. ವಿಷಲ್ ಸಾರ್, 50 ನಿಮಿಷದ ಆಟಕ್ಕೆ ಎಷ್ಟು ಹೊತ್ತು? ಗೋಲಿಯೇ ಹೊರಗೆ ಹೋದ್ರೆ?

ವಿಷಲ್ ಹಾಸನ

ಒಟ್ಟು ಆಟದ ಶೇ. 10ರಿಂದ 15ರಷ್ಟು ಎನ್ನುತ್ತದೆ ಐಎಫ್‌ಎಬಿ. ನಿಮ್ಮದಕ್ಕೆ 5 ನಿಮಿಷ ಸರಿ. ಇಂಗ್ಲೆಂಡಿನ ಸ್ಥಳೀಯ ಲೀಗುಗಳಲ್ಲಿ 2019–20ರಿಂದ 90 ನಿಮಿಷದ ಆಟಕ್ಕೆ 10 ನಿಮಿಷ ಇದೆ, ಅದೂ ರೆಫ್ರಿಯೊಂದಿಗೆ ವಾದಿಸಿದ್ದಕ್ಕೆ ಮಾತ್ರ. ನೀವೂ ಅಷ್ಟಕ್ಕೇ ಇಡಿ, ಫೌಲಿನ ಎಲ್ಲೋಗೆ ಬೇಡ. ಎರಡನ್ನೂ ಬೆರೆಸಿದರೆ ಮೇಜಿನಲ್ಲಿ ಕೂತು ಸಮಯ ನೋಡುವವರಿಗೆ ಲೆಕ್ಕ ತಪ್ಪುತ್ತದೆ.

ರೆಫ್ರಿ ಎಲ್ಲೋ ತೋರಿಸಿ ಎರಡೂ ಕೈಯಿಂದ ಹೊರಗೆ ತೋರಿಸಬೇಕು. ಆಟ ಮತ್ತೆ ಶುರುವಾದ ಕ್ಷಣದಿಂದ ಗಡಿಯಾರ ಓಡಲಿ, ಆಟಗಾರ ನಿಧಾನವಾಗಿ ನಡೆದು ಹೋದಾಗಿನಿಂದ ಅಲ್ಲ. ಆ 5 ನಿಮಿಷ ಅವನ ಬದಲು ಸಬ್ ಇಲ್ಲ, ಟೀಮ್ ಆರೇ ಜನ. ಹಾಫ್ ಟೈಮ್ ಬಂದರೆ ಉಳಿದದ್ದು ಎರಡನೇ ಹಾಫಿಗೆ. ಸಮಯ ಮುಗಿದ ಮೇಲೂ ತಾನಾಗಿ ಒಳಗೆ ಬರಬಾರದು, ರೆಫ್ರಿ ಕರೆಯಬೇಕು, ಆಟ ನಡೆಯುತ್ತಿದ್ದರೂ ಕರೆಯಬಹುದು. ಎರಡನೇ ಸಲ ಸಿನ್ ಬಿನ್ ಆದವನಿಗೆ ಆ ಮ್ಯಾಚ್ ಮುಗಿಯಿತು. 5 ನಿಮಿಷ ಕಳೆದ ಮೇಲೆ, ಸಬ್ ಉಳಿದಿದ್ದರೆ, ಅವನ ಜಾಗಕ್ಕೆ ಇನ್ನೊಬ್ಬ ಬರಬಹುದು.

ಗೋಲಿ ಹೊರಗೆ ಹೋದರೆ ಗ್ರೌಂಡಿನಲ್ಲಿರುವವರಲ್ಲೇ ಒಬ್ಬರು ಗ್ಲೌಸ್ ಹಾಕಬೇಕು. ಬಣ್ಣ ಬೇರೆ ಇರುವ ಒಂದು ಜೆರ್ಸಿ ಬೆಂಚಿನಲ್ಲಿ ಇಟ್ಟಿರಲು ಎಲ್ಲ ಟೀಮಿಗೂ ಹೇಳಿ. ಕನಿಷ್ಠ ಎಷ್ಟು ಜನರಿಗೆ ಆಟ ನಿಲ್ಲಿಸಬೇಕು ಎಂಬುದನ್ನೂ ಬರೆಯಿರಿ. ಹನ್ನೊಂದರ ಆಟದಲ್ಲಿ ಏಳಕ್ಕಿಂತ ಕಡಿಮೆಯಾದರೆ ಆಡಿಸುವಂತಿಲ್ಲ. ಸೆವೆನ್ಸ್‌ಗೆ ನಾಲ್ಕಕ್ಕಿಂತ ಕಡಿಮೆ ಎಂದು ಇಡಬಹುದು.

ಮೇಜಿಗೆ ಎರಡು ಸ್ಟಾಪ್‌ವಾಚ್ ಬೇಕು, ಟೀಮಿಗೆ ಒಂದೊಂದು. ಕೊನೆಯ ವಿಷಲ್ ಆದ ಕೂಡಲೇ ಇಬ್ಬರು ಸ್ವಯಂಸೇವಕರು ರೆಫ್ರಿ ಪಕ್ಕಕ್ಕೆ ಹೋಗಿ ನಿಲ್ಲಲಿ. 2023ರ ಡಿಸೆಂಬರಿನಲ್ಲಿ ಟರ್ಕಿಯಲ್ಲಿ ಕ್ಲಬ್ ಅಧ್ಯಕ್ಷರೇ ರೆಫ್ರಿಗೆ ಗುದ್ದಿದ್ದು ಪಂದ್ಯ ಮುಗಿದ ಮೇಲೆ. ಗ್ರೌಂಡ್ ಬಿಡುವವರೆಗೂ ಕಾರ್ಡ್ ತೋರಿಸುವ ಅಧಿಕಾರ ರೆಫ್ರಿಗೆ ಇರುತ್ತದೆ, ಇದನ್ನೂ ಕ್ಯಾಪ್ಟನ್‌ಗಳ ಸಭೆಯಲ್ಲೇ ಹೇಳಿಬಿಡಿ.