ಬೀಟ್ ಪೊಲೀಸ್ ಸಮಿತಿಗೆ ನಮ್ಮ ಬಡಾವಣೆಯಿಂದ ಯಾರು ಹೋಗಬೇಕು?

ಗೋಪಾಳ ನಿವಾಸಿ: ಹೋದ ಭಾನುವಾರ ಸಮುದಾಯ ಭವನದಲ್ಲಿ ಪೊಲೀಸರು ಸಭೆ ಕರೆದಿದ್ದರು. 40–50 ಮನೆಗಳದ್ದು ಒಂದೊಂದು ಗುಂಪು, ಅದನ್ನು ನೋಡಿಕೊಳ್ಳಲು ಒಬ್ಬ ಬೀಟ್ ಪೊಲೀಸ್, ಜೊತೆಗೆ ನಿವಾಸಿಗಳ ಸಮಿತಿ, ಒಂದು ವಾಟ್ಸಾಪ್ ಗ್ರೂಪ್. 2025ರಲ್ಲಿ ಸರ್ಕಾರ ಶುರು ಮಾಡಿದ 'ಮನೆ ಮನೆಗೆ ಪೊಲೀಸ್' ಇದೇ ಲೆಕ್ಕದ್ದು. ಸಮಿತಿಗೆ ಹೆಸರು ಕೊಡಿ ಅಂದಿದ್ದಾರೆ. ಏನು ಮಾಡೋಣ?

ವಿನೋಬನಗರ ಅಡ್ಡರಸ್ತೆ: ಖಂಡಿತ ಕೊಡಿ. ಮದುವೆ ಸೀಸನ್‌ನಲ್ಲಿ ಮನೆಗೆ ಬೀಗ ಹಾಕಿ ನಾಲ್ಕು ದಿನ ಊರಿಗೆ ಹೋಗೋಕೂ ಹೆದರಿಕೆ. ಬೀಟ್‌ನವರಿಗೆ ಹೇಳಿ ಹೋದರೆ ರಾತ್ರಿ ಗಸ್ತಿನಲ್ಲಿ ಒಮ್ಮೆ ಗೇಟಿನ ಹತ್ತಿರ ನಿಂತು ಟಾರ್ಚ್ ಬಿಟ್ಟು ನೋಡುತ್ತಾರೆ. ಅಷ್ಟಾದರೂ ಸಾಕು.

ತುಂಗಾ ದಂಡೆ: ಸಮಿತಿ ಅಂದರೆ ನನಗೆ ಭಯ. ಗಣಪತಿ ಹಬ್ಬ, ಈದ್ ಮೆರವಣಿಗೆ ಹತ್ತಿರ ಬಂದಾಗ ಶಾಂತಿ ಸಭೆ ಕರೀತಾರಲ್ಲ, ಮುಂದಿನ ಸಾಲಿನಲ್ಲಿ ಯಾವಾಗಲೂ ಅದೇ ಮುಖಗಳು. ಶಾಲು, ಹಾರ, ಫೋಟೊ. ರಾತ್ರಿ ಹನ್ನೊಂದರವರೆಗೆ ಅಂಗಡಿ ತೆರೆದಿಡುವ ಬೀಡಾ ಅಂಗಡಿಯವನನ್ನು ಯಾರೂ ಕರೆಯುವುದಿಲ್ಲ. ಬೆಳಗಿನ ಜಾವ ಹಾಲು ಹಾಕುವವರು, ಕಸದ ಗಾಡಿಯವರು, ಬಾಡಿಗೆ ಮನೆಯವರು ಇವರೆಲ್ಲ ಸಮಿತಿಯಲ್ಲಿ ಇರಲಿ. ಬೀದಿಯಲ್ಲಿ ಏನು ನಡೀತಿದೆ ಅಂತ ಗೊತ್ತಿರೋದು ಅವರಿಗೇ.

ನಿವೃತ್ತ ಎಎಸ್‌ಐ: ತುಂಗಾ ದಂಡೆಯವರ ಮಾತು ಸರಿ. ಆದರೆ ಸಮಿತಿಗಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಆ ಬೀಟ್ ಪೊಲೀಸ್ ನಿಮ್ಮ ಬೀದಿಯಲ್ಲಿ ಎಷ್ಟು ಹೊತ್ತು ಇರುತ್ತಾರೆ?

ಸ್ಟೇಷನ್ ಒಳಗಿನ ಕಥೆ ಹೇಳುತ್ತೇನೆ. ಬೆಳಿಗ್ಗೆ ಬೀಟಿಗೆ ಹೊರಟವನನ್ನು ಕೋರ್ಟ್ ಡ್ಯೂಟಿಗೆ ಕಳಿಸುತ್ತಾರೆ. ಮಧ್ಯಾಹ್ನ ಸಮನ್ಸ್ ಜಾರಿ. ಸಂಜೆ ಯಾರೋ ಮಂತ್ರಿ ಬಂದರೆ ಬಂದೋಬಸ್ತ್. ಗಣಪತಿ ವಿಸರ್ಜನೆ ಮುಗಿಯುವವರೆಗೆ ಬೀಟ್ ಅನ್ನುವುದೇ ಇಲ್ಲ. ಕೊನೆಗೆ ರಾತ್ರಿ ಬೈಕಿನಲ್ಲಿ ಬಂದು ಬ್ಯಾಂಕಿನ ಮುಂದಿನ ಪಾಯಿಂಟ್ ಬುಕ್‌ಗೆ ಸಹಿ ಹಾಕಿ ಹೋಗುತ್ತಾನೆ. ಸಹಿ ಇದೆ, ಬೀಟ್ ಆಗಿದೆ! ಜನರ ಮುಖ ಮಾತ್ರ ನೋಡಿಲ್ಲ. ಇದು ಅವನ ತಪ್ಪಲ್ಲ.

ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ 1999ರಲ್ಲಿ ಪೊಲೀಸ್ ಕಮಿಷನರ್ ಆಗಿದ್ದ ಜೆ.ಕೆ. ತ್ರಿಪಾಠಿ ಊರನ್ನು 57 ಬೀಟ್, ಅಂದರೆ ಗಸ್ತಿನ ಭಾಗಗಳಾಗಿ ಮಾಡಿ, ಬೀಟಿಗೆ ನಾಲ್ಕು ಜನ ಕಾನ್‌ಸ್ಟೆಬಲ್‌ಗಳನ್ನು ಹಾಕಿದರು. ಆ ಬೀಟಿನ ಹೊಣೆ ಅವರದೇ. ಕೇರಳ ಪೊಲೀಸರ ಜನಮೈತ್ರಿ ಯೋಜನೆ 2008ರಲ್ಲಿ 20 ಠಾಣೆಗಳಿಂದ ಶುರುವಾಯಿತು. ಅಲ್ಲಿ ಬೀಟ್ ಆಫೀಸರ್ ಮನೆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದೇ ಕೆಲಸ. ನಮ್ಮಲ್ಲೂ ಬುದ್ಧಿವಂತ ಹುಡುಗರಿದ್ದಾರೆ. ಒಂದೇ ಕಡೆ ಎರಡು ವರ್ಷ ಬಿಡಿ, ನಡೆದುಕೊಂಡು ಓಡಾಡಲಿ, ಆಮೇಲೆ ನೋಡಿ.

ಪಿಜಿ ಹುಡುಗಿ: ನನ್ನದು ಬೇರೆ ಚಿಂತೆ. ನಮ್ಮ ರಸ್ತೆಯಲ್ಲಿ ಈಗಾಗಲೇ ನಿವಾಸಿಗಳ ಗ್ರೂಪ್ ಇದೆ. ಆರು ತಿಂಗಳ ಹಿಂದೆ ಬೆಡ್‌ಶೀಟ್ ಮಾರಲು ಬಂದಿದ್ದ ಹುಡುಗನ ಫೋಟೊ ತೆಗೆದು 'ಅನುಮಾನಾಸ್ಪದ ವ್ಯಕ್ತಿ, ಹುಷಾರ್' ಅಂತ ಹಾಕಿದರು. ಹಿಂದಿ ಮಾತಾಡುತ್ತಿದ್ದ, ಅಷ್ಟೇ. ಸಂಜೆಯೊಳಗೆ ಮೂರು ಬಡಾವಣೆಗೆ ಫಾರ್ವರ್ಡ್ ಆಗಿತ್ತು. ನಾವು ಲೈಬ್ರರಿಯಿಂದ ರಾತ್ರಿ ಒಂಬತ್ತಕ್ಕೆ ಬಂದರೂ ಅದರಲ್ಲಿ ಚರ್ಚೆ. ಈಗ ಅದೇ ಗ್ರೂಪಿಗೆ ಪೊಲೀಸರನ್ನೂ ಸೇರಿಸಿದರೆ ಕಾವಲು ಯಾರ ಮೇಲೆ?

ವಿನೋಬನಗರ ಅಡ್ಡರಸ್ತೆ: ಹಾಗಂತ ಅಪರಿಚಿತರು ಬಂದರೆ ಸುಮ್ನೆ ಇರೋಕಾಗುತ್ತಾ ತಂಗಿ?

ಪಿಜಿ ಹುಡುಗಿ: ಸುಮ್ಮನಿರಿ ಅನ್ನುತ್ತಿಲ್ಲ ಸರ್. ಏನು ಮಾಡಿದ ಅಂತ ಬರೆಯಿರಿ. ಬೀಗ ಅಲ್ಲಾಡಿಸಿದ, ಕಾಂಪೌಂಡ್ ಹತ್ತಿದ ಅಂದರೆ ಅದು ಮಾಹಿತಿ. ಯಾವ ಊರಿನವನು, ಯಾವ ಬಟ್ಟೆ ಹಾಕಿದ್ದಾನೆ ಅನ್ನೋದು ಮಾಹಿತಿ ಅಲ್ಲ.

ನಿವೃತ್ತ ಎಎಸ್‌ಐ: ಈ ಮಗು ಹೇಳಿದ್ದನ್ನು ಸಭೆಯಲ್ಲಿ ಓದಿ ಹೇಳಿ. ಇನ್ನೊಂದು ವಿಷಯ. ಗ್ರೂಪಿನಲ್ಲಿ ಬರೆದದ್ದು ದೂರು ಅಲ್ಲ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ, ಕರೆ ದಾಖಲಾಗುತ್ತದೆ. ಕಳ್ಳತನ ಆಗಿದ್ದರೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ, ಪ್ರತಿ ಕೇಳಿ ಪಡೆಯಿರಿ. ಅದು ಪುಕ್ಕಟೆ, ನಿಮ್ಮ ಹಕ್ಕು. 'ಗ್ರೂಪಿನಲ್ಲಿ ಹಾಕಿದೀನಲ್ಲ' ಅಂತ ಕೂತರೆ ಕೇಸೇ ಇರುವುದಿಲ್ಲ.

ಹೊಸನಗರ ತೋಟ: ನಿಮಗೆ 50 ಮನೆ ಎರಡು ರಸ್ತೆಯಲ್ಲಿ ಸಿಗುತ್ತವೆ. ನಮ್ಮಲ್ಲಿ 50 ಮನೆ ಅಂದರೆ ನಾಲ್ಕು ಗುಡ್ಡ ಸುತ್ತಬೇಕು. ಎಷ್ಟೋ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಲ್ಲಿ. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಅಡಿಕೆ ಹರವಿರುತ್ತದೆ, ಕಳ್ಳರಿಗೆ ಅದು ಗೊತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲ್ ಟವರೂ ಹೋಯಿತು, ವಾಟ್ಸಾಪ್ ಎಲ್ಲಿ? ನಮಗೆ ಬೇಕಾದ್ದು ವಾರಕ್ಕೊಮ್ಮೆ ಹಾಲಿನ ಡೈರಿ ಹತ್ತಿರ ಬಂದು ಅರ್ಧ ಗಂಟೆ ಕೂರುವ ಪೊಲೀಸ್. ಹಾಲು ಹಾಕಲು ಎಲ್ಲ ಮನೆಯವರೂ ಬರುತ್ತಾರೆ. ಯಾರು ಎರಡು ದಿನದಿಂದ ಬಂದಿಲ್ಲ ಅನ್ನೋದೂ ಅಲ್ಲೇ ತಿಳಿಯುತ್ತದೆ.

ತುಂಗಾ ದಂಡೆ: ಇದು ಪೇಟೆಗೂ ಆಗುತ್ತೆ. ಬೀಟಿನವರು ವಾರದಲ್ಲಿ ಒಂದು ಸಂಜೆ, ಗೊತ್ತಾದ ಹೊತ್ತಿಗೆ, ಪಾರ್ಕಿನ ಗೇಟಿನ ಹತ್ತಿರ ಸಿಗಲಿ. ಠಾಣೆ ಮೆಟ್ಟಿಲು ಹತ್ತಲು ಹೆದರುವ ಹೆಂಗಸರು ಅಲ್ಲಿ ಬಂದು ಮಾತಾಡುತ್ತಾರೆ.

ಗೋಪಾಳ ನಿವಾಸಿ: ಸರಿ, ನಾನು ಬರೆದುಕೊಂಡು ಹೋಗುವುದು ಇಷ್ಟು. ಬೀಟ್ ಪೊಲೀಸ್‌ರನ್ನು ಎರಡು ವರ್ಷ ಬದಲಿಸಬೇಡಿ. ವಾರಕ್ಕೊಂದು ಸಂಜೆ ಪಾರ್ಕಿನಲ್ಲಿ ಸಿಗಲಿ. ಗ್ರೂಪಿನಲ್ಲಿ ಯಾರ ಫೋಟೊವನ್ನೂ ಹಾಕುವಂತಿಲ್ಲ. ಸಮಿತಿಗೆ ಬೀಡಾ ಅಂಗಡಿಯವರನ್ನೂ ಹಾಲಿನವರನ್ನೂ ನಾನೇ ಹೋಗಿ ಕೇಳುತ್ತೇನೆ. ಪಿಜಿ ಕಡೆಯಿಂದ ನೀವು ಬರ್ತೀರಾ?

ಪಿಜಿ ಹುಡುಗಿ: ಸಭೆ ಸಂಜೆ ಆರರ ಮೇಲೆ ಇಟ್ಟರೆ ಬರುತ್ತೇನೆ. ನನ್ನ ರೂಮ್‌ಮೇಟ್ ಕೂಡ ಬರುತ್ತಾಳೆ.