ಬಂಗಿಗೆ ಜ್ಯೇಷ್ಠಮಧು, ನಿಂಬೆರಸ ಹಚ್ಚಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಎರಡನೇ ಹೆರಿಗೆ ಆದಮೇಲೆ ಎರಡೂ ಕೆನ್ನೆಗೆ ಬಂಗು ಬಂದಿದೆ. ಗಿಡಮೂಲಿಕೆ ಆದರೆ ತೊಂದರೆ ಇಲ್ಲ ಅಲ್ವಾ ಅಂತ ಜ್ಯೇಷ್ಠಮಧು ಪುಡಿಗೆ ನಿಂಬೆರಸ ಕಲಸಿ ಮೂರು ವಾರದಿಂದ ಹಚ್ಚುತ್ತಿದ್ದೇನೆ. ಕಲೆ ಹಾಗೇ ಇದೆ, ಈಗ ಉರಿ ಬೇರೆ.

ಉತ್ತರ (ಚರ್ಮದ ಡಾಕ್ಟರ್): ನಿಂಬೆರಸ ಇವತ್ತೇ ನಿಲ್ಲಿಸಿ. ಅದರ ಹುಳಿಯೇ ಚರ್ಮವನ್ನು ಉರಿಸುತ್ತದೆ. ಸಾಲದ್ದಕ್ಕೆ ನಿಂಬೆಯಲ್ಲಿ ಫ್ಯೂರನೋಕೂಮರಿನ್ ಎಂಬ ಅಂಶವಿದೆ. ಅದು ಮೈಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟು, ತಿಂಗಳುಗಟ್ಟಲೆ ಕಪ್ಪು ಉಳಿಯಬಹುದು. ಕಲೆ ಹೋಗಲಿ ಅಂತ ಹಚ್ಚಿ ಹೊಸ ಕಲೆ ತಂದುಕೊಂಡವರನ್ನು ನೋಡಿ ನನಗೆ ತುಂಬಾ ಬೇಜಾರಾಗಿದೆ.

ಜ್ಯೇಷ್ಠಮಧು ಸುಳ್ಳಲ್ಲ. ನಮ್ಮ ಚರ್ಮದ ಬಣ್ಣ ಮೆಲನಿನ್‌ನದು. ಅದನ್ನು ತಯಾರಿಸಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಜ್ಯೇಷ್ಠಮಧುವಿನ ಗ್ಲಾಬ್ರಿಡಿನ್ ಆ ಕಿಣ್ವಕ್ಕೆ ಅಡ್ಡ ನಿಲ್ಲುತ್ತದೆ. ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ನೀರಲ್ಲೋ ರಸದಲ್ಲೋ ಕಲಸಿದ ಪುಡಿ ಮೇಲೇ ಒಣಗಿ ಉದುರುತ್ತದೆ, ಒಳಗೆ ಇಳಿಯುವುದು ತೀರಾ ಕಮ್ಮಿ.

ಇನ್ನೊಂದು ಮಾತು. ಇಂಥ ಸಸ್ಯಾಂಶಗಳನ್ನು ಲ್ಯಾಬಿನಲ್ಲಿ ಹೆಚ್ಚಾಗಿ ಪರೀಕ್ಷಿಸುವುದು ಅಣಬೆಯಿಂದ ತೆಗೆದ ಟೈರೋಸಿನೇಸ್ ಮೇಲೆ. ಅಲ್ಲಿ ಗೆದ್ದದ್ದು ಮನುಷ್ಯರ ಕೆನ್ನೆಯ ಮೇಲೂ ಗೆಲ್ಲಬೇಕು ಅಂತೇನಿಲ್ಲ.

ಪ್ರಶ್ನೆ: ಹಾಗಾದ್ರೆ ಏನು ಹಚ್ಚಲಿ? ಅರ್ಬ್ಯುಟಿನ್ ಒಳ್ಳೇದು ಅಂತಾರೆ.

ಉತ್ತರ: ಅರ್ಬ್ಯುಟಿನ್ ಬೇರ್‌ಬೆರಿ ಎಂಬ ಗಿಡದ ಎಲೆಯಲ್ಲಿದೆ. ಅದು ಕಲೆ ತಿಳಿಯಾಗಿಸುವ ಔಷಧಿ ಹೈಡ್ರೋಕ್ವಿನೋನ್‌ಗೆ ಸಕ್ಕರೆಯ ಅಣು ಅಂಟಿಕೊಂಡ ರೂಪ, ಕೆಲಸ ಮೆದು. ನಾನಾದರೆ ಬಂಗಿಗೆ ಅಜೆಲೈಕ್ ಆಸಿಡ್ ಆರಿಸುತ್ತೇನೆ. ಬಾರ್ಲಿ, ಗೋಧಿಯಲ್ಲೂ ಇರುವ ವಸ್ತು ಅದು. ಔಷಧಿಯಾಗಿ 20% ಕ್ರೀಮ್ ಸಿಗುತ್ತದೆ, ಗರ್ಭಿಣಿಯರಿಗೂ ಸಾಮಾನ್ಯವಾಗಿ ಕೊಡುತ್ತೇವೆ. ಮೊದಲು ಉರಿ ಪೂರ್ತಿ ಇಳಿಯಲಿ. ಆಮೇಲೆ ಡಾಕ್ಟರಿಗೆ ಮುಖ ತೋರಿಸಿಯೇ ಶುರು ಮಾಡಿ.

ಇವೆಲ್ಲ ಹೊಸ ಮೆಲನಿನ್ ತಯಾರಿಯನ್ನು ನಿಧಾನ ಮಾಡುತ್ತವೆ ಅಷ್ಟೇ. ಆಗಲೇ ಇರುವುದು ಚರ್ಮದ ಜೊತೆ ಸವೆದು ಹೋಗಬೇಕು. ಎರಡು ಮೂರು ತಿಂಗಳಾದರೂ ಕಾಯಿರಿ. ಸನ್‌ಸ್ಕ್ರೀನ್ ಹಚ್ಚದಿದ್ದರೆ ಬೇರೆ ಯಾವ ಕ್ರೀಮ್ ಹಚ್ಚಿಯೂ ದಂಡ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಐರನ್ ಆಕ್ಸೈಡ್ ಇರುವ, ತಿಳಿಕಂದು ಬಣ್ಣದ್ದು ಬಂಗಿಗೆ ಇನ್ನೂ ವಾಸಿ, ಯಾಕಂದ್ರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನಗೆ ಕಲೆ ಇಲ್ಲ, ಬಣ್ಣವೇ ಕಪ್ಪು. ಹರ್ಬಲ್ ಕ್ರೀಮ್ ಒಂದೇ ವಾರದಲ್ಲಿ ಬೆಳ್ಳಗೆ ಮಾಡುತ್ತಂತೆ, ತಗೊಳ್ಳಲಾ?

ಉತ್ತರ: ಬೇಡಮ್ಮಾ. ಅಷ್ಟು ಬೇಗ ಬೆಳ್ಳಗೆ ಮಾಡುವ ಕ್ರೀಮ್‌ಗಳಲ್ಲಿ ಪಾದರಸವೋ ಸ್ಟೀರಾಯ್ಡೋ ಸಿಕ್ಕಿದ್ದುಂಟು. ಪಾದರಸ ಕಿಡ್ನಿ ಕೆಡಿಸುತ್ತದೆ, ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ನಿಮ್ಮ ಬಣ್ಣ ಕಾಯಿಲೆ ಅಲ್ಲ, ಅದಕ್ಕೆ ನಾನು ಔಷಧಿ ಬರೆಯುವುದಿಲ್ಲ.